‘ಸುಸ್ತು’ ಎಂದು ಬಂದವಳ ಮನಸ್ಸು: ಹೆರಿಗೆ ಮತ್ತು ಸ್ತ್ರೀರೋಗ ಚಿಕಿತ್ಸೆಯಲ್ಲಿ ಖಿನ್ನತೆಯನ್ನು ಗುರುತಿಸುವ ಬಗೆ

ಹೆರಿಗೆಯಾಗಿ ಆರು ವಾರ ತುಂಬಿದ ಬಾಣಂತಿಯೊಬ್ಬಳು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದಿದ್ದಾಳೆ ಎಂದಿಟ್ಟುಕೊಳ್ಳೋಣ. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಾಳೆ. ಮಗು ಅವಳ ತಾಯಿಯ ತೋಳಿನಲ್ಲಿದೆ. ‘ಹೇಗಿದ್ದೀಯಮ್ಮಾ?’ ಎಂದು ವೈದ್ಯೆ ಕೇಳಿದಾಗ ಉತ್ತರ ಬರುವುದು ತಾಯಿಯಿಂದ: ‘ಹಾಲು ಸಾಲ್ತಿಲ್ಲ ಮೇಡಂ, ಯಾವಾಗ್ಲೂ ಸುಸ್ತು ಅಂತಾಳೆ, ಊಟಾನೂ ಸರಿಯಾಗಿ ಮಾಡಲ್ಲ.’ ವೈದ್ಯೆ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡುತ್ತಾರೆ, ಹೊಲಿಗೆ ಒಣಗಿದೆಯೇ ಎಂದು ಪರೀಕ್ಷಿಸುತ್ತಾರೆ, ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆ ಬರೆದು, ವಂಕಿ (ಗರ್ಭನಿರೋಧಕ ಕಾಪರ್-ಟಿ) ಹಾಕಿಸಿಕೊಳ್ಳುವ ವಿಚಾರ ಪ್ರಸ್ತಾಪಿಸಿ, ಮುಂದಿನವರನ್ನು ಕರೆಯುತ್ತಾರೆ. ಹೊರಗೆ ಇನ್ನೂ ಅರವತ್ತು ಜನ ಕಾದಿದ್ದಾರೆ. ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಆದರೆ ಆ ಹೆಣ್ಣುಮಗಳಿಗೆ ಎರಡು ವಾರದಿಂದ, ಮಗು ಮಲಗಿರುವಾಗಲೂ ಕಣ್ಣು ಮುಚ್ಚಲಾಗುತ್ತಿಲ್ಲ. ಈ ಮಗುವಿಗೆ ತಾನು ತಕ್ಕವಳಲ್ಲ, ಬೇರೆ ಯಾರಾದರೂ ಸಾಕಿದ್ದರೆ ಚೆನ್ನಾಗಿರುತ್ತಿತ್ತು ಎಂಬ ಯೋಚನೆ ತಲೆಯಿಂದ ಹೋಗುತ್ತಿಲ್ಲ. ಅವಳು ಅದನ್ನು ಹೇಳಲಿಲ್ಲ, ಏಕೆಂದರೆ ಅದನ್ನು ಯಾರೂ ಕೇಳಲಿಲ್ಲ.

ಈ ಲೇಖನದ ಹುರುಳು ಇಷ್ಟೇ: ಹೆಂಗಸರ ಖಿನ್ನತೆ ಹೆರಿಗೆ ಡಾಕ್ಟರ ಕೋಣೆಗೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಅದು ಸುಸ್ತು, ಸೊಂಟನೋವು, ಬಿಳಿಸೆರಗು, ಹಾಲು ಸಾಲದಿರುವುದು, ನಿದ್ದೆ ಬಾರದಿರುವುದು ಎಂಬ ರೂಪದಲ್ಲಿ ಬರುತ್ತದೆ. ಅದನ್ನು ಗುರುತಿಸಲು ದುಬಾರಿ ಯಂತ್ರ ಬೇಕಿಲ್ಲ. ಸರಿಯಾದ ಪ್ರಶ್ನೆಯನ್ನು, ಅವಳ ಮಾತಿನಲ್ಲಿ, ಅವಳೊಬ್ಬಳೇ ಇರುವಾಗ ಕೇಳಬೇಕು.

ಈ ಕೆಲಸ ಮನೋವೈದ್ಯರಿಗಿಂತ ಮೊದಲು ಸ್ತ್ರೀರೋಗ ತಜ್ಞರ ಪಾಲಿಗೆ ಬರುವುದಕ್ಕೆ ಕಾರಣ ಸರಳವಾಗಿದೆ. ನಮ್ಮಲ್ಲಿ ಎಷ್ಟೋ ಹೆಂಗಸರು ತಮ್ಮ ಸಲುವಾಗಿ, ಮನೆಯವರ ಆಕ್ಷೇಪಣೆಯಿಲ್ಲದೆ ಹೋಗಬಹುದಾದ ವೈದ್ಯರೆಂದರೆ ಹೆರಿಗೆ ಡಾಕ್ಟರು ಮಾತ್ರ. ತಲೆನೋವೆಂದರೆ ಮನೆಯಲ್ಲೇ ಮಾತ್ರೆ ಸಿಗುತ್ತದೆ. ಮನಸ್ಸಿಗೆ ಸರಿಯಿಲ್ಲ ಎಂದರೆ ‘ಎಲ್ಲರಿಗೂ ಇರೋದೇ’ ಎಂಬ ಉತ್ತರ ಸಿಗುತ್ತದೆ. ಬಸುರಿ ಎಂದ ಕೂಡಲೇ ಮಾತ್ರ ತಾಯಿ ಕಾರ್ಡ್ ಸಿದ್ಧವಾಗುತ್ತದೆ, ತಿಂಗಳ ತಪಾಸಣೆ ಶುರುವಾಗುತ್ತದೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ-ಮಗುವನ್ನು ನೋಡಬೇಕೆಂಬ ಕ್ರಮವಿದೆ. ಹೆಣ್ಣಿನ ಜೀವನದಲ್ಲಿ ಆರೋಗ್ಯ ವ್ಯವಸ್ಥೆ ಇಷ್ಟು ಹತ್ತಿರ, ಇಷ್ಟು ಸಲ ಬರುವ ಕಾಲ ಮತ್ತೊಂದಿಲ್ಲ. ಪ್ರತಿ ಭೇಟಿಯಲ್ಲೂ ತೂಕ, ಬಿ.ಪಿ., ಹಿಮೋಗ್ಲೋಬಿನ್ ಬರೆದಿಡುವ ನಾವು ಮನಸ್ಸನ್ನೂ ಅದೇ ಶಿಸ್ತಿನಿಂದ ವಿಚಾರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಮಸ್ಯೆ ಎಷ್ಟು ದೊಡ್ಡದು ಎಂಬ ಲೆಕ್ಕವೂ ಇದೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಸುಮಾರು 20,000 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯ ನಂತರ ಖಿನ್ನತೆಗೆ ಒಳಗಾಗುವವರ ಪ್ರಮಾಣ ಶೇ. 22ರ ಆಸುಪಾಸಿನಲ್ಲಿದೆ. ಇದು ಐವರು ಬಾಣಂತಿಯರಲ್ಲಿ ಒಬ್ಬರಿಗಿಂತ ಹೆಚ್ಚು. ಇದಕ್ಕೂ ಮೊದಲು ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿತು. ಹೆರಿಗೆಯಾಗಿ ಆರರಿಂದ ಎಂಟು ವಾರಕ್ಕೆ ಶೇ. 23ರಷ್ಟು ತಾಯಂದಿರಲ್ಲಿ ಖಿನ್ನತೆ ಕಂಡುಬಂತು; ಅವರಲ್ಲಿ ಶೇ. 78ರಷ್ಟು ಮಂದಿಗೆ ಬಸುರಿಯಾಗಿದ್ದಾಗಲೇ ಮಾನಸಿಕ ತೊಂದರೆಯ ಲಕ್ಷಣಗಳಿದ್ದವು. ‘ಬಾಣಂತಿ ಖಿನ್ನತೆ’ ಎಂದು ನಾವು ಕರೆಯುವುದು ಬಹುಪಾಲು ಬಸುರಿನಲ್ಲೇ ಶುರುವಾಗಿರುತ್ತದೆ. ಹೆರಿಗೆಯ ನಂತರವೇ ಕೇಳಿದರಾಯಿತು ಎಂದು ಕಾಯುವುದು ತಡವಾದಂತೆ. ಅದೇ ಅಧ್ಯಯನದಲ್ಲಿ ಬಡತನ, ಗಂಡನ ಹಿಂಸೆ, ಗಂಡುಮಗು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದ್ದು, ಇವು ಅಪಾಯ ಹೆಚ್ಚಿಸುವ ಕಾರಣಗಳಾಗಿ ಕಂಡವು. ಹಾರ್ಮೋನುಗಳ ಏರಿಳಿತಕ್ಕೂ ಪಾತ್ರವಿದೆ. ಮಾಸು ಬಿದ್ದ ಬಳಿಕ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಪ್ರಮಾಣ ಕೆಲವೇ ದಿನಗಳಲ್ಲಿ ಪಾತಾಳಕ್ಕಿಳಿಯುತ್ತದೆ. ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿದರೆ ಮನೆಯೊಳಗಿನ ಕಾರಣ ಕಣ್ಣಿಗೆ ಬೀಳುವುದೇ ಇಲ್ಲ.

ಬೇಸರ, ಖಿನ್ನತೆ, ಸನ್ನಿ

ಹೆರಿಗೆಯಾಗಿ ಎರಡು-ಮೂರನೆಯ ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಚಿಕ್ಕ ಮಾತಿಗೂ ಮನಸ್ಸು ನೊಂದುಕೊಳ್ಳುವುದು, ಒಮ್ಮೆ ನಗು ಒಮ್ಮೆ ಸಿಡುಕು, ಇವು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣಿಸುತ್ತವೆ. ಇದು ಕಾಯಿಲೆಯಲ್ಲ. ನಾಲ್ಕೈದನೆಯ ದಿನಕ್ಕೆ ಜೋರಾಗಿ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಆಗ ಬೇಕಾಗುವುದು ನಿದ್ದೆ, ಊಟ, ಸಮಾಧಾನದ ಮಾತು.

ಎರಡು ವಾರ ದಾಟಿಯೂ ಇಳಿಯದೆ ಉಳಿದರೆ, ಅಥವಾ ತಿಂಗಳು ಕಳೆದ ಮೇಲೆ ಹೊಸದಾಗಿ ಶುರುವಾದರೆ, ಅದನ್ನು ಖಿನ್ನತೆ ಎಂದು ಅನುಮಾನಿಸಬೇಕು. ವೈದ್ಯಕೀಯ ವ್ಯಾಖ್ಯೆಯ ಪ್ರಕಾರ ದಿನದ ಬಹುಪಾಲು ಕವಿದಿರುವ ದುಃಖ, ಇಲ್ಲವೇ ಯಾವುದರಲ್ಲೂ ಆಸಕ್ತಿ-ಸಂತೋಷ ಇಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಇರಲೇಬೇಕು. ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆಗಳಲ್ಲಿ ಏರುಪೇರು, ಚಲನೆ-ಮಾತು ನಿಧಾನವಾಗುವುದು ಇಲ್ಲವೇ ಚಡಪಡಿಕೆ, ತಾನು ಕೆಲಸಕ್ಕೆ ಬಾರದವಳೆಂಬ ಅಥವಾ ತಪ್ಪಿತಸ್ಥಳೆಂಬ ಭಾವನೆ, ಸಾವಿನ ಯೋಚನೆ, ಹೀಗೆ ಒಟ್ಟು ಒಂಬತ್ತು ಲಕ್ಷಣಗಳಲ್ಲಿ ಐದು, ಎರಡು ವಾರ ಬಿಡದೆ ಇದ್ದು ದಿನನಿತ್ಯದ ಬದುಕಿಗೆ ಅಡ್ಡಿಯಾಗಿರಬೇಕು.

ಮೂರನೆಯದನ್ನು ನಮ್ಮ ಹಿರಿಯರು ಮೊದಲಿಂದಲೂ ಬಲ್ಲರು. ‘ಬಾಣಂತಿ ಸನ್ನಿ’ ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ವೈದ್ಯಶಾಸ್ತ್ರ ಪ್ರಸವಾನಂತರದ ಮನೋವಿಕ್ಷಿಪ್ತತೆ ಎಂದು ಕರೆಯುವ ಈ ಸ್ಥಿತಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ, ಥಟ್ಟನೆ ಕಾಣಿಸಿಕೊಳ್ಳುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಮಾತು ತಾಳ ತಪ್ಪುತ್ತದೆ, ಯಾರೋ ಮಾತನಾಡುವುದು ಕೇಳಿಸುತ್ತದೆ, ಊಟಕ್ಕೆ ವಿಷ ಹಾಕಿದ್ದಾರೆ ಎಂಬ ಸಂಶಯ ಬರುತ್ತದೆ, ಮಗು ತನ್ನದಲ್ಲ ಅಥವಾ ಅದರಲ್ಲಿ ಏನೋ ಸೇರಿಕೊಂಡಿದೆ ಎಂಬ ನಂಬಿಕೆ ಬೇರೂರುತ್ತದೆ. ಬೆಳಿಗ್ಗೆ ಸರಿಯಿದ್ದಂತೆ ಕಂಡವಳು ಸಂಜೆಗೆ ದಿಕ್ಕುತಪ್ಪಿದಂತೆ ಇರಬಹುದು. ಇದು ತುರ್ತು ಸ್ಥಿತಿ. ತಾಯಿಯನ್ನೂ ಮಗುವನ್ನೂ ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹರಕೆ, ಅಂತ್ರ ಎಂದು ಮನೆಯವರು ಮಾಡುವುದಿದ್ದರೆ ಚಿಕಿತ್ಸೆ ಶುರುವಾದ ಮೇಲೆ ಮಾಡಲಿ. ಬೇಗ ಚಿಕಿತ್ಸೆ ಸಿಕ್ಕವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಇಲ್ಲೊಂದು ಗೊಂದಲವನ್ನು ಬಿಡಿಸಿ ಹೇಳುವುದು ಅಗತ್ಯ. ಈಳಿಗೆ ಮಣೆಯ ಮುಂದೆ ಕೂತಾಗ, ಮಗುವಿಗೆ ಸ್ನಾನ ಮಾಡಿಸುವಾಗ, ‘ನಾನೇ ಮಗುವಿಗೆ ಏನಾದರೂ ಮಾಡಿಬಿಟ್ಟರೆ?’ ಎಂಬ ಭೀಕರ ಚಿತ್ರ ಮನಸ್ಸಿಗೆ ನುಗ್ಗುವುದು ಅನೇಕ ತಾಯಂದಿರ ಅನುಭವ. ಆ ಯೋಚನೆಗೆ ಅವಳೇ ಬೆಚ್ಚಿಬೀಳುತ್ತಾಳೆ, ಈಳಿಗೆಯನ್ನು ಬಚ್ಚಿಡುತ್ತಾಳೆ, ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ. ಇದು ಆತಂಕದ ಅಥವಾ ಗೀಳಿನ ಲಕ್ಷಣ, ಸನ್ನಿಯಲ್ಲ. ಸನ್ನಿಯಲ್ಲಿ ಆ ಯೋಚನೆ ಅವಳಿಗೆ ಸರಿ ಎನ್ನಿಸುತ್ತಿರುತ್ತದೆ. ಗೀಳಿನಲ್ಲಿ ಅದು ಅಸಹ್ಯ ಎನ್ನಿಸುತ್ತದೆ. ಎರಡಕ್ಕೂ ಚಿಕಿತ್ಸೆ ಬೇಕು. ಆದರೆ ಗೀಳಿನ ಯೋಚನೆಯನ್ನು ಧೈರ್ಯಮಾಡಿ ಹೇಳಿಕೊಂಡ ತಾಯಿಯನ್ನು ಕೊಲೆಗಾರ್ತಿಯಂತೆ ನೋಡಿದರೆ ಅವಳು ಮತ್ತೆಂದೂ ಬಾಯಿ ಬಿಡುವುದಿಲ್ಲ.

ಬಾಣಂತನದ ಮರೆಯಲ್ಲಿ

ಗುರುತಿಸುವಾಗಿನ ನಿಜವಾದ ಕಷ್ಟ ಬೇರೆಯೇ ಇದೆ. ನಿದ್ದೆಗೆಡುವುದು, ಸುಸ್ತು, ಹಸಿವಿನ ಏರುಪೇರು, ಕಾಮಾಸಕ್ತಿ ಇಲ್ಲದಿರುವುದು, ತೂಕದ ಬದಲಾವಣೆ, ಇವೆಲ್ಲ ಖಿನ್ನತೆಯ ಲಕ್ಷಣಗಳೂ ಹೌದು, ಬಸುರಿ-ಬಾಣಂತಿಯರಿಗೆ ಸಹಜವೂ ಹೌದು. ಹೀಗಾಗಿ ಖಿನ್ನತೆ ಇರುವವಳನ್ನು ‘ಬಾಣಂತಿಯಲ್ಲವೇ, ಇದ್ದದ್ದೇ’ ಎಂದು ಕಳಿಸಿಬಿಡುವುದೂ, ಬರೀ ನಿದ್ದೆಗೆಟ್ಟವಳಿಗೆ ಖಿನ್ನತೆಯ ಹಣೆಪಟ್ಟಿ ಹಚ್ಚುವುದೂ ಸುಲಭ.

ನಿದ್ದೆಯ ವಿಷಯದಲ್ಲಿ ಒಂದೇ ಪ್ರಶ್ನೆ ಬಹಳಷ್ಟನ್ನು ಬಿಡಿಸುತ್ತದೆ: ‘ಮಗು ಮಲಗಿದಾಗ, ಮನೆಯವರು ಮಗುವನ್ನು ನೋಡಿಕೊಳ್ಳುತ್ತಿರುವಾಗ, ನಿಮಗೆ ನಿದ್ದೆ ಬರುತ್ತಾ?’ ಸುಸ್ತಾದ ತಾಯಿ ದಿಂಬಿಗೆ ತಲೆ ಕೊಟ್ಟೊಡನೆ ನಿದ್ದೆಹೋಗುತ್ತಾಳೆ. ಖಿನ್ನತೆ ಇರುವವಳು ಅವಕಾಶ ಸಿಕ್ಕರೂ ಎಚ್ಚರವಾಗಿರುತ್ತಾಳೆ, ಅಥವಾ ಬೆಳಗಿನ ಜಾವ ಮೂರಕ್ಕೆ ಎದ್ದು ಕೂತುಬಿಡುತ್ತಾಳೆ. ಊಟದ ವಿಷಯವೂ ಹಾಗೆಯೇ. ಬಾಣಂತನದ ಪಥ್ಯದಲ್ಲಿ ಸಾರು-ಅನ್ನ, ಮೆಣಸು, ಬೆಳ್ಳುಳ್ಳಿ ತಿಂದು ನಾಲಗೆ ಜಡ್ಡಾಗಿರುವುದು ಬೇರೆ, ಇಷ್ಟದ ತಿಂಡಿ ಮುಂದಿಟ್ಟರೂ ಗಂಟಲಲ್ಲಿ ಇಳಿಯದಿರುವುದು ಬೇರೆ. ಮಗುವಿನ ಬಗೆಗಿನ ಮಾತೂ ಸುಳಿವು ಕೊಡುತ್ತದೆ: ಮಗುವನ್ನು ಎತ್ತಿಕೊಂಡಾಗ ಏನೂ ಅನ್ನಿಸುತ್ತಿಲ್ಲ ಎನ್ನುವುದು, ಇಲ್ಲವೇ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ರಾತ್ರಿಯಿಡೀ ಮೂಗಿನ ಬಳಿ ಬೆರಳಿಟ್ಟು ನೋಡುತ್ತಿರುವುದು.

ಜೊತೆಗೆ ದೇಹದ ಕಾರಣಗಳನ್ನೂ ಪರೀಕ್ಷಿಸಲೇಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೆರಿಗೆಯಾದ ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಗ್ರಂಥಿಯ ಉರಿಯೂತ ಬರುವುದುಂಟು. ಅದು ಹೊರನೋಟಕ್ಕೆ ಖಿನ್ನತೆಯಂತೆಯೇ ಕಾಣುತ್ತದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಅದಕ್ಕಾಗಿ. ಆದರೆ ಹಿಮೋಗ್ಲೋಬಿನ್ ಒಂಬತ್ತು ಎಂದು ಕಂಡಾಕ್ಷಣ ಸುಸ್ತಿನ ಕಾರಣ ಸಿಕ್ಕಿತೆಂದು ಅಲ್ಲಿಗೇ ನಿಲ್ಲುವುದು ಸರಿಯಲ್ಲ. ರಕ್ತಹೀನತೆ, ಖಿನ್ನತೆ ಎರಡೂ ಒಬ್ಬಳಲ್ಲೇ ಇರಬಹುದು, ಅನೇಕ ಸಲ ಇರುತ್ತವೆ ಕೂಡ.

ಹತ್ತು ಪ್ರಶ್ನೆಗಳು

ಈ ಗೋಜಲನ್ನು ಬಿಡಿಸಲೆಂದೇ ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಎಡಿನ್‌ಬರೋ ಪ್ರಸವಾನಂತರ ಖಿನ್ನತೆ ಪ್ರಶ್ನಾವಳಿಯನ್ನು ರೂಪಿಸಿದರು. ಅದರ ಜಾಣ್ಮೆ ಇರುವುದು ಅದು ಏನನ್ನು ಕೇಳುವುದಿಲ್ಲ ಎಂಬುದರಲ್ಲಿ. ಸುಸ್ತು, ಹಸಿವು, ತೂಕ ಅದರಲ್ಲಿಲ್ಲ. ನಿದ್ದೆಯ ಬಗ್ಗೆ ಕೇಳಿದರೂ, ದುಃಖದಿಂದಾಗಿ ನಿದ್ದೆ ಬರುತ್ತಿಲ್ಲವೇ ಎಂದು ಕೇಳುತ್ತದೆ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಮುಂದಿನದನ್ನು ಸಂತೋಷದಿಂದ ಎದುರುನೋಡಿದಿರಾ, ತಪ್ಪಾದಾಗ ವಿನಾಕಾರಣ ನಿಮ್ಮನ್ನೇ ದೂಷಿಸಿಕೊಂಡಿರಾ, ಕಾರಣವಿಲ್ಲದೆ ಆತಂಕ-ಭಯ ಆಯಿತೇ, ಅಳು ಬಂತೇ, ಹೀಗೆ ಹತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಹೆಚ್ಚು ಅಂಕ ಬಂದರೆ ಖಿನ್ನತೆಯ ಸಂಭವ ಬಲವಾಗಿದೆ ಎಂದು ತಿಳಿಯುತ್ತಾರೆ. 10 ದಾಟಿದರೇ ಜಾಗರೂಕರಾಗುವ ಕೇಂದ್ರಗಳೂ ಇವೆ. ಕನ್ನಡದಲ್ಲೂ ಈ ಪ್ರಶ್ನಾವಳಿ ಲಭ್ಯವಿದೆ. ಹೆಸರಿನಲ್ಲಿ ‘ಪ್ರಸವಾನಂತರ’ ಎಂದಿದ್ದರೂ ಬಸುರಿಯರಿಗೂ ಬಳಸಬಹುದು. ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯೂ.-9 ಎಂಬ ಇನ್ನೊಂದು ಸಾಧನ ಎಲ್ಲ ವಯಸ್ಕರಿಗೂ ಆಗುತ್ತದೆ ಮತ್ತು ಸ್ತ್ರೀರೋಗ ವಿಭಾಗಕ್ಕೆ ಬರುವ ಉಳಿದ ಹೆಂಗಸರಿಗೆ ಒಳ್ಳೆಯದೇ. ಆದರೆ ಅದು ನಿದ್ದೆ, ಸುಸ್ತು, ಹಸಿವನ್ನು ನೇರವಾಗಿ ಎಣಿಸುವುದರಿಂದ ಬಾಣಂತಿಯರ ಅಂಕ ಉಬ್ಬುವ ಸಾಧ್ಯತೆ ಇದೆ.

ಅಂಕ ರೋಗನಿರ್ಣಯವಲ್ಲ ಎಂಬುದನ್ನು ಒಂದು ಲೆಕ್ಕದಿಂದ ಅರ್ಥಮಾಡಿಕೊಳ್ಳಬಹುದು. ನೂರು ಬಾಣಂತಿಯರಲ್ಲಿ 20 ಮಂದಿಗೆ ನಿಜವಾಗಿ ಖಿನ್ನತೆ ಇದೆ ಎಂದೂ, ಬಳಸುವ ಪ್ರಶ್ನಾವಳಿ ಖಿನ್ನತೆ ಇರುವ ಹತ್ತರಲ್ಲಿ ಎಂಟು ಮಂದಿಯನ್ನು ಹಿಡಿಯುತ್ತದೆ, ಇಲ್ಲದ ಹತ್ತರಲ್ಲಿ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ ಎಂದೂ ಇಟ್ಟುಕೊಳ್ಳೋಣ. ಆಗ 20ರಲ್ಲಿ 16 ಮಂದಿ ಸಿಕ್ಕುತ್ತಾರೆ, ನಾಲ್ವರು ತಪ್ಪಿಹೋಗುತ್ತಾರೆ. ಖಿನ್ನತೆ ಇಲ್ಲದ 80ರಲ್ಲಿ ಎಂಟು ಮಂದಿ ಸೇರಿಕೊಳ್ಳುತ್ತಾರೆ. ಅಂದರೆ ಹೆಚ್ಚು ಅಂಕ ಬಂದ 24 ಮಂದಿಯಲ್ಲಿ ಮೂರನೇ ಒಂದು ಪಾಲಿಗೆ ಖಿನ್ನತೆ ಇರುವುದಿಲ್ಲ. ಆದ್ದರಿಂದ ಹೆಚ್ಚು ಅಂಕ ಬಂದವಳೊಂದಿಗೆ ಕೂತು ವಿವರವಾಗಿ ಮಾತನಾಡಿದ ಮೇಲೆಯೇ ನಿರ್ಧರಿಸಬೇಕು. ಕಡಿಮೆ ಅಂಕ ಬಂದರೂ ನೋಡಿದಾಗ ಸರಿಯಿಲ್ಲ ಅನ್ನಿಸಿದವಳನ್ನು ಬಿಟ್ಟುಬಿಡಬಾರದು. ಮತ್ತು ಒಂದೇ ಸಲ ಕೇಳಿ ಮುಗಿಸುವಂತಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2023ರ ಮಾರ್ಗಸೂಚಿಯಲ್ಲಿ ಗರ್ಭಿಣಿಯ ಮೊದಲ ಭೇಟಿ, ಬಸುರಿನ ನಂತರದ ಹಂತ, ಹೆರಿಗೆಯ ನಂತರದ ಭೇಟಿಗಳು, ಹೀಗೆ ಮತ್ತೆ ಮತ್ತೆ ಕೇಳಬೇಕೆಂದು ಹೇಳಿದೆ.

ಹತ್ತನೆಯ ಪ್ರಶ್ನೆ ಮಾತ್ರ ಈ ಲೆಕ್ಕಕ್ಕೆ ಹೊರತು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು ಆ ಪ್ರಶ್ನೆ. ಒಟ್ಟು ಅಂಕ ಐದೇ ಇದ್ದರೂ, ಇದಕ್ಕೆ ಸೊನ್ನೆಯ ಬದಲು ಒಂದು ಬಂದಿದ್ದರೂ, ಅವಳನ್ನು ಹಾಗೆಯೇ ಮನೆಗೆ ಕಳಿಸುವಂತಿಲ್ಲ.

ಓದು ಬಾರದವರಿಗೆ, ನಮೂನೆ ಕಂಡರೇ ಹೆದರುವವರಿಗೆ, ನರ್ಸ್ ಅಥವಾ ಆಪ್ತಸಮಾಲೋಚಕಿ ಓದಿ ಹೇಳಬೇಕಾಗುತ್ತದೆ. ಆಗ ಮಾತಿನ ಆಯ್ಕೆ ಬಹಳ ಮುಖ್ಯ. ‘ನಿಮಗೆ ಖಿನ್ನತೆ ಇದೆಯೇ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಪತ್ರಿಕೆಯ ಮಾತು, ಮನೆಯ ಮಾತಲ್ಲ. ಮನೆಯ ಮಾತುಗಳು ಬೇರೆ. ‘ಮನಸ್ಸಿಗೆ ಸಮಾಧಾನ ಇಲ್ಲ’, ‘ಯಾಕೋ ಏನೂ ಬೇಡ ಅನ್ಸುತ್ತೆ’, ‘ಎದೆ ಭಾರ’, ‘ಹೊಟ್ಟೇಲಿ ಸಂಕಟ’, ‘ಯೋಚನೆ ಜಾಸ್ತಿ’ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ‘ಜೀವ ಬ್ಯಾಸರಾಗೇದ್ರಿ’ ಎಂದಾರು, ಕರಾವಳಿಯಲ್ಲಿ ‘ಮಂಡೆಬಿಸಿ’ ಎಂದಾರು. ಕೇಳುವವರೂ ಇದೇ ದಾರಿಯಲ್ಲಿ ಹೋಗಬೇಕು: ‘ಈಚೆಗೆ ಮನಸ್ಸು ಹೇಗಿದೆ? ಮೊದಲು ಖುಷಿ ಕೊಡ್ತಿದ್ದ ಕೆಲಸ ಈಗಲೂ ಮಾಡಬೇಕು ಅನ್ಸುತ್ತಾ? ಇಂಥ ಸಮಯದಲ್ಲಿ ಕೆಲವರಿಗೆ ಬದುಕೇ ಬೇಡ ಅನ್ನಿಸೋದುಂಟು, ನಿಮಗೂ ಹಾಗೆ ಅನ್ನಿಸಿದೆಯಾ?’ ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅನೇಕ ವೈದ್ಯರಿಗೂ ಇದೆ. ಅದು ನಿಜವಲ್ಲ. ಕೇಳಿದಾಗ ಹೆಚ್ಚಿನವರಿಗೆ ಭಾರ ಇಳಿಸಿದಂತಾಗುತ್ತದೆ.

ಜೊತೆಗೆ ಬಂದವರು ಪಕ್ಕದಲ್ಲೇ ಕೂತಿರುವಾಗ ಈ ಪ್ರಶ್ನೆಗಳನ್ನು ಕೇಳಿದರೆ ವ್ಯರ್ಥ ಮಾತ್ರವಲ್ಲ, ಅಪಾಯವೂ ಹೌದು, ಏಕೆಂದರೆ ಅವಳ ಸಂಕಟದ ಕಾರಣ ಆ ಕೋಣೆಯಲ್ಲೇ ಕೂತಿರಬಹುದು. ಇದಕ್ಕೆ ದೊಡ್ಡ ವ್ಯವಸ್ಥೆ ಬೇಕಿಲ್ಲ. ಮೊದಲು ಹೇಳಿದ ಬಾಣಂತಿಯ ವಿಷಯದಲ್ಲೇ, ‘ಅಜ್ಜಿ, ನೀವು ಸಿಸ್ಟರ್ ಹತ್ತಿರ ಹೋಗಿ ಮಗುವಿನ ತೂಕ ಮಾಡಿಸ್ಕೊಂಡು ಬನ್ನಿ, ಅಷ್ಟರಲ್ಲಿ ನಾನು ಹೊಲಿಗೆ ನೋಡ್ತೀನಿ’ ಎಂದರೆ ಐದು ನಿಮಿಷ ಸಿಗುತ್ತದೆ. ಪರೀಕ್ಷಾ ಮೇಜಿನ ಪರದೆಯ ಹಿಂದಿನ ಆ ಐದು ನಿಮಿಷ ಸ್ತ್ರೀರೋಗ ತಜ್ಞರಿಗೆ ಮಾತ್ರ ಸಹಜವಾಗಿ ದಕ್ಕುವಂಥದ್ದು. ಅಲ್ಲೇ ಮನೆಯಲ್ಲಿ ಹೊಡೆತ-ಬೈಗುಳ ಇದೆಯೇ ಎಂದೂ ಕೇಳಬೇಕು. ಅವಳು ಹೇಳಿದ್ದನ್ನು ಮನೆಮಂದಿಯೆಲ್ಲ ತಿರುವಿಹಾಕುವ ತಾಯಿ ಕಾರ್ಡಿನ ಮೇಲೆ ಬರೆಯದೆ ಆಸ್ಪತ್ರೆಯ ಕಡತದಲ್ಲಿ ಬರೆದಿಡುವ ಎಚ್ಚರವೂ ಬೇಕು.

ಮಗುವಿಲ್ಲದೆ ಮನೆಗೆ ಹೋದವಳು

ಇಷ್ಟು ಹೊತ್ತು ಮಗು ಹುಟ್ಟಿದ ಮನೆಯ ಮಾತಾಯಿತು. ಗರ್ಭಪಾತವಾದವಳು, ಹೊಟ್ಟೆಯಲ್ಲೇ ಮಗು ತೀರಿಕೊಂಡವಳು, ಹುಟ್ಟಿದ ಎರಡು ದಿನಕ್ಕೆ ಮಗುವನ್ನು ಕಳೆದುಕೊಂಡವಳು, ಇವರು ಎಲ್ಲರ ಗಮನದಿಂದಲೂ ಜಾರಿಹೋಗುತ್ತಾರೆ. ಅವಳ ಎದೆಯಲ್ಲೂ ಹಾಲು ಬರುತ್ತದೆ, ಅವಳ ಹಾರ್ಮೋನುಗಳೂ ಕುಸಿಯುತ್ತವೆ, ಅವಳ ಮೈಯೂ ಬಾಣಂತಿಯ ಮೈಯೇ. ಆದರೆ ಎಷ್ಟೋ ಮನೆಗಳಲ್ಲಿ ಅವಳಿಗೆ ಬಾಣಂತನವಿಲ್ಲ; ಆಸ್ಪತ್ರೆಯಲ್ಲೂ ಲಸಿಕೆಯ ನೆಪದಲ್ಲಿ ಮರಳಿ ಬರುವ ದಿನಾಂಕ ಅವಳಿಗಿಲ್ಲ. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬಳ ಮಗು ಅಳುತ್ತಿರುವ ವಾರ್ಡಿನಲ್ಲೇ ಅವಳು ಮೂರು ದಿನ ಕಳೆಯುತ್ತಾಳೆ. ‘ಇನ್ನೊಂದು ಆಗುತ್ತೆ ಬಿಡು’ ಎಂಬ ಸಮಾಧಾನ ಅವಳ ಬಾಯಿ ಮುಚ್ಚಿಸುತ್ತದೆ. ದುಃಖವೇ ಖಿನ್ನತೆಯಲ್ಲ, ಅಲೆಯಂತೆ ಬಂದು ಹೋಗುವ, ನಡುವೆ ಉಸಿರಾಡಲು ಬಿಡುವ ದುಃಖ ಸಹಜ. ಆದರೆ ವಾರಗಟ್ಟಲೆ ಬಿಡುವೇ ಇಲ್ಲದೆ, ‘ನನ್ನಿಂದಲೇ ಆಯಿತು, ನಾನೂ ಹೋಗಬೇಕಿತ್ತು’ ಎಂಬಲ್ಲಿಗೆ ಬಂದು ನಿಂತರೆ ಚಿಕಿತ್ಸೆ ಬೇಕು. ಆದ್ದರಿಂದ ಬೇರೆಯವರಿಗೆ ಆರು ವಾರಕ್ಕೆ ಬರಹೇಳುವುದಾದರೆ ಇವಳಿಗೆ ಎರಡೇ ವಾರಕ್ಕೆ ಬರಹೇಳಬೇಕು.

ಬಸುರಿ-ಬಾಣಂತಿಯರಲ್ಲದವರ ವಿಷಯಕ್ಕೆ ಬಂದರೆ, ನಮ್ಮ ಭಾಗದ ದೊಡ್ಡ ಸುಳಿವು ಬಿಳಿಸೆರಗು. ಗೋವಾದಲ್ಲಿ ಸುಮಾರು 2,500 ಮಹಿಳೆಯರ ನಡುವೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಬಿಳಿ ಹೋಗುತ್ತದೆ ಎಂಬ ದೂರಿಗೆ ಜನನಾಂಗದ ಸೋಂಕಿಗಿಂತ ಮಾನಸಿಕ-ಸಾಮಾಜಿಕ ಸಂಕಟದ ಜೊತೆಗೆ ಹತ್ತಿರದ ನಂಟು ಕಂಡುಬಂತು. ಬಿಳಿ ಹೋದರೆ ಮೈಯ ಸತ್ವವೇ ಹರಿದುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇರುವುದರಿಂದ, ಮನಸ್ಸಿನ ಬಳಲಿಕೆಯನ್ನು ಹೇಳಿಕೊಳ್ಳಲು ಆ ದೂರು ಒಂದು ಭಾಷೆಯಾಗಿಬಿಟ್ಟಿದೆ. ಪರೀಕ್ಷೆಯಲ್ಲಿ ಸೋಂಕು ಕಾಣದಿದ್ದರೂ ಮೂರನೆಯ ಸಲ ಅದೇ ದೂರು ಹೊತ್ತು ಬಂದವಳಿಗೆ ಮತ್ತೊಂದು ಸುತ್ತಿನ ಆಂಟಿಬಯೋಟಿಕ್ ಬರೆಯುವ ಮೊದಲು ಮನೆಯ ಕ್ಷೇಮ ಕೇಳಬೇಕು. ಕಾರಣ ಸಿಗದ ಕಿಬ್ಬೊಟ್ಟೆ ನೋವು, ವರ್ಷಗಟ್ಟಲೆ ನಡೆಯುವ ಬಂಜೆತನದ ಚಿಕಿತ್ಸೆ, ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ), ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿದ ನಂತರದ ದಿನಗಳು, ಇಲ್ಲೆಲ್ಲ ಖಿನ್ನತೆಯ ಪ್ರಮಾಣ ಹೆಚ್ಚು. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ, ಅದರಲ್ಲೂ ಹಿಂದೆ ಖಿನ್ನತೆ ಇದ್ದವರಲ್ಲಿ, ಅದು ಮರುಕಳಿಸುವುದುಂಟು. ‘ಈ ವಯಸ್ಸಿಗೆ ಹೀಗೇ’ ಎಂದು ಬಿಸಿಸೆಕೆಯ ಜೊತೆಗೆ ಅದನ್ನೂ ಸೇರಿಸಿಬಿಡುತ್ತಾರೆ. ಮುಟ್ಟಿಗೆ ಮೊದಲ ವಾರದಲ್ಲಿ ಮಾತ್ರ ಬಂದು, ಮುಟ್ಟಾದ ಒಂದೆರಡು ದಿನಕ್ಕೆ ಇಳಿಯುವ ತೀವ್ರ ಸಿಡುಕು-ಹತಾಶೆ ಬೇರೆಯೇ ಕಾಯಿಲೆ. ಎರಡು ತಿಂಗಳು ಕ್ಯಾಲೆಂಡರಿನ ಮೇಲೆ ದಿನದಿನವೂ ಗುರುತು ಹಾಕಿದರೆ ಅದರ ಲಯ ತಾನಾಗಿ ಕಾಣುತ್ತದೆ.

ಗುರುತಿಸಿದ ಮೇಲೆ

ಮುಂದಿನ ದಾರಿ ಇಲ್ಲದೆ ಬರೀ ಕೇಳಿ ಬಿಡುವುದು ಅನ್ಯಾಯ. ಸಾಯುವ ಯೋಚನೆ ಇದೆ ಎಂದವಳಿಗೆ ಮೊದಲು ಕೇಳಬೇಕಾದದ್ದು ಅದರ ಆಳ: ಯೋಚನೆಯಷ್ಟೇಯೋ, ಹೇಗೆ ಎಂದು ಲೆಕ್ಕ ಹಾಕಿದ್ದಾಳೋ, ಹಿಂದೆ ಪ್ರಯತ್ನಿಸಿದ್ದಾಳೋ, ಮಗುವನ್ನೂ ಜೊತೆಗೆ ಕರೆದೊಯ್ಯುವ ಯೋಚನೆ ಇದೆಯೋ. ಯೋಜನೆ ಇದ್ದರೆ ಅದೇ ದಿನ ಮನೋವೈದ್ಯರ ಬಳಿಗೆ. ಮನೆಯಲ್ಲಿ ಕೀಟನಾಶಕ, ಮಾತ್ರೆಗಳ ದಾಸ್ತಾನು ಕೈಗೆ ಸಿಗದಂತೆ ಇಡುವ ಕೆಲಸವನ್ನು, ಅವಳು ನಂಬುವ ಒಬ್ಬರಿಗೆ, ಅವಳ ಒಪ್ಪಿಗೆ ಪಡೆದು ವಹಿಸಬೇಕು. ಇದು ಉತ್ಪ್ರೇಕ್ಷೆಯಲ್ಲ. ಬಸುರಿನಲ್ಲಿ ಮತ್ತು ಬಾಣಂತನದಲ್ಲಿ ನಡೆಯುವ ಆತ್ಮಹತ್ಯೆಯನ್ನು ಬಹಳ ಕಾಲ ಅಪಘಾತದಂತೆ ‘ಸಂಬಂಧವಿಲ್ಲದ ಸಾವು’ ಎಂದು ಬದಿಗೆ ಸರಿಸಲಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಅದನ್ನು ತಾಯಿ ಮರಣದ ನೇರ ಕಾರಣಗಳ ಪಟ್ಟಿಗೆ ಸೇರಿಸಿತು. ಆದರೂ ತಾಯಿ ಮರಣದ ಲೆಕ್ಕ ಹೆರಿಗೆಯ ನಂತರದ 42 ದಿನಕ್ಕೆ ನಿಲ್ಲುತ್ತದೆ. ಆರು ವಾರದಿಂದ ಒಂದು ವರ್ಷದವರೆಗಿನ ಸಾವುಗಳನ್ನೂ ಕೂಲಂಕಷವಾಗಿ ಪರಿಶೀಲಿಸುವ ಬ್ರಿಟನ್ನಿನಲ್ಲಿ, ಆ ಅವಧಿಯ ನೇರ ಕಾರಣಗಳಲ್ಲಿ ಆತ್ಮಹತ್ಯೆಯೇ ಮುಂದಿದೆ.

ಸಾಧಾರಣ ಮಟ್ಟದ ಖಿನ್ನತೆಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು, ಮತ್ತು ಅದನ್ನು ತಜ್ಞರೇ ಕೊಡಬೇಕೆಂದೇನೂ ಇಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂಥ ಮಹಿಳೆಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು: ಆರು ತಿಂಗಳ ನಂತರ, ಆ ಸಹಾಯ ಪಡೆದವರಲ್ಲಿ ಶೇ. 23 ಮಂದಿಗೆ ಖಿನ್ನತೆ ಉಳಿದಿತ್ತು, ಪಡೆಯದವರಲ್ಲಿ ಶೇ. 53 ಮಂದಿಗೆ. ತೀವ್ರವಾಗಿದ್ದರೆ ಮಾತ್ರೆ ಬೇಕಾಗುತ್ತದೆ. ಸರ್ಟ್ರಲೀನ್‌ನಂಥ ಮಾತ್ರೆ ಎದೆಹಾಲಿಗೆ ಸೇರುವ ಪ್ರಮಾಣ ಬಹಳ ಕಡಿಮೆ, ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದು. ಮಾತ್ರೆ ಬರೆಯುವ ಮೊದಲು, ಹಿಂದೆಂದಾದರೂ ವಾರಗಟ್ಟಲೆ ನಿದ್ದೆಯೇ ಬೇಡವೆನ್ನುವಷ್ಟು ಅತಿಯಾದ ಹುರುಪು, ಅತಿಮಾತು ಇತ್ತೇ, ಮನೆತನದಲ್ಲಿ ಯಾರಿಗಾದರೂ ಅತಿ ಹುರುಪು, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ ಇತ್ತೇ ಎಂದು ಕೇಳಲೇಬೇಕು; ಇದ್ದರೆ ಬರೀ ಖಿನ್ನತೆಯ ಮಾತ್ರೆ ಹಾನಿ ಮಾಡಬಹುದು ಮತ್ತು ಅಂಥವರಿಗೆ ಸನ್ನಿಯ ಅಪಾಯ ಹೆಚ್ಚು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವಳು ಬಸುರಿ ಎಂದು ತಿಳಿದ ದಿನವೇ ಅವನ್ನೆಲ್ಲ ಕಸದ ಬುಟ್ಟಿಗೆ ಹಾಕುವುದು ಸಾಮಾನ್ಯವಾಗಿ ಕಾಣುವ ತಪ್ಪು. ವಾಲ್‌ಪ್ರೋಯೇಟ್‌ನಂಥ, ಬೈಪೋಲಾರ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಗರ್ಭಕ್ಕೆ ಹಾನಿಕರ, ಅವನ್ನು ಬದಲಿಸಬೇಕು. ಆದರೆ ಅದನ್ನು ವೈದ್ಯರೊಡನೆ ಕೂತು ನಿರ್ಧರಿಸಬೇಕು, ಒಂಟಿಯಾಗಿ ಅಲ್ಲ.

ಎಲ್ಲಿಗೆ ಕಳಿಸುವುದು ಎಂಬುದಕ್ಕೂ ಉತ್ತರವಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲಿ ಸಿಗುತ್ತದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ದಾಖಲಾಗಬೇಕಾದ ತಾಯಂದಿರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ಘಟಕವನ್ನು ತೆರೆಯಿತು. ಅಲ್ಲಿ ಮಗು ತಾಯಿಯ ಜೊತೆಯಲ್ಲೇ ಇರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು ಹೇಳುತ್ತದೆ. ಮಗುವನ್ನು ಕಿತ್ತುಕೊಂಡಾರು ಎಂಬ ಭಯದಿಂದ ಬಾಯಿ ಬಿಡದ ತಾಯಂದಿರಿಗೆ ಈ ಮಾತನ್ನು ಮೊದಲೇ ಹೇಳಿಬಿಟ್ಟರೆ ಉಳಿದ ಪ್ರಶ್ನೆಗಳಿಗೆ ಉತ್ತರ ಸಿಗುವುದು ಸುಲಭವಾಗುತ್ತದೆ.

ಗುಣವಾಯಿತೆಂದು ಅನ್ನಿಸಿದ ಮೇಲೂ ಮಾತ್ರೆಯನ್ನು ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಒಂದು ತಿಂಗಳಿಗೇ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಮತ್ತು ಒಮ್ಮೆ ಹೀಗಾದವಳಿಗೆ ಮುಂದಿನ ಬಸುರಿನಲ್ಲೂ ಹಾಗಾಗುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚಿರುವುದರಿಂದ, ಎರಡನೆಯ ಸಲ ಅವಳು ತಪಾಸಣೆಗೆ ಬಂದ ಮೊದಲ ದಿನವೇ, ಹಿಂದಿನ ಹೆರಿಗೆ ಸಹಜವೋ ಸಿಸೇರಿಯನ್ನೋ ಎಂದು ಕೇಳುವ ಜಾಗದಲ್ಲೇ, ಹೆರಿಗೆಯ ನಂತರ ಮನಸ್ಸು ಹೇಗಿತ್ತು ಎಂದೂ ಕೇಳಿ ಬರೆದಿಟ್ಟುಕೊಳ್ಳಬೇಕು.